ಬೆನ್ನೆಲುಬಿಗೆ ಲೋಹದ ಆಸರೆ

(ಸಂಘದ ತಿಂಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವವರು ಸಾಮಾನ್ಯವಾಗಿ ವಿದ್ವಾಂಸರು. ನಾನಾದರೋ ಬಿ.ಕಾಂ. ಮುಗಿಸಿ ಹದಿಮೂರು ವರ್ಷಗಳಿಂದ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿರುವ ಗುಮಾಸ್ತ. ವೈದ್ಯಶಾಸ್ತ್ರಕ್ಕೂ ನನಗೂ ಇರುವ ನಂಟು ನೆಗಡಿಯಾದಾಗ ನುಂಗುವ ಗುಳಿಗೆಯಷ್ಟು. ಯಂತ್ರಶಾಸ್ತ್ರದ ನಂಟು ಅಷ್ಟೂ ಇಲ್ಲ. ಹೀಗಿದ್ದೂ ತಮ್ಮೆದುರು ನಿಲ್ಲಬೇಕಾಗಿ ಬಂದದ್ದಕ್ಕೆ ನಮ್ಮ ಕಾರ್ಯದರ್ಶಿಗಳೇ ಕಾರಣ. ಕಳೆದ ವರ್ಷ ನಾಟಕದ ತಾಲೀಮಿಗೆ ನಾನು ಒಂದು ತಿಂಗಳು ಬರಲಿಲ್ಲ. ಏಕೆಂದು ಕೇಳಿದರು. ಅವ್ವನ ಬೆನ್ನಿನ ಶಸ್ತ್ರಚಿಕಿತ್ಸೆ ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಆ ದಿನಗಳಲ್ಲಿ ನಾನು ಓದಿದ್ದು, ಕೇಳಿದ್ದು, ಹೆದರಿದ್ದು ಎಲ್ಲವನ್ನೂ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಅರ್ಧ ಗಂಟೆ ಹೇಳಿದೆ. ‘ಇದನ್ನೇ ಎಲ್ಲರ ಮುಂದೆ ಹೇಳಿಬಿಡಿ, ತಾಲೀಮು ತಪ್ಪಿಸಿದ್ದು ಮಾಫಿ’ ಎಂದರು. ಆದ್ದರಿಂದ ಇದು ಉಪನ್ಯಾಸವೆನ್ನುವುದಕ್ಕಿಂತ ದಂಡ ಕಟ್ಟುವ ಬಗೆ ಎಂದು ತಾವು ತಿಳಿಯಬೇಕು.

ಅವ್ವ ರೋಣ ತಾಲೂಕಿನವಳು. ಮದುವೆಯಾದಂದಿನಿಂದ ಅರವತ್ತರ ಹತ್ತಿರ ಬರುವವರೆಗೂ ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ನೀರು ತಂದವಳು. ಅಪ್ಪ ತೀರಿಕೊಂಡ ಮೇಲೆ ಡೊಂಬಿವಲಿಗೆ ನಮ್ಮಲ್ಲಿಗೆ ಬಂದಳು. ಇಲ್ಲಿ ನಳ ತಿರುಗಿಸಿದರೆ ನೀರು. ಆದರೆ ಬೆನ್ನು ತನ್ನ ಹಳೆಯ ಬಾಕಿಯನ್ನು ಇಲ್ಲಿಗೆ ಬಂದ ಮೇಲೆಯೇ ವಸೂಲಿಗೆ ತೆಗೆಯಿತು. ಮೊದಲು ಸೊಂಟ ನೋವು. ಆಮೇಲೆ ಬಲಗಾಲು ಜೋಮು ಹಿಡಿಯುವುದು. ಕೊನೆಗೆ ಮನೆಯಿಂದ ಗಣಪತಿ ಗುಡಿಯವರೆಗಿನ ಇನ್ನೂರು ಹೆಜ್ಜೆಯಲ್ಲಿ ಮೂರು ಕಡೆ ಕುಳಿತುಕೊಳ್ಳುವುದು. ಆರು ತಿಂಗಳು ವ್ಯಾಯಾಮ, ಔಷಧ, ಶಾಖ ಎಲ್ಲವೂ ಆಯಿತು. ಬೆನ್ನುನೋವು ಬಂದವರಲ್ಲಿ ಬಹುಪಾಲು ಜನರಿಗೆ ಅಷ್ಟರಲ್ಲೇ ಗುಣವಾಗುತ್ತದೆ, ಕತ್ತಿಯ ಮಾತೇ ಬೇಡ ಎಂದು ವೈದ್ಯರೇ ಹೇಳುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತು ಕೇಳಿ ನಾಳೆ ಯಾರೂ ಆಸ್ಪತ್ರೆಗೆ ಓಡಬೇಕಾಗಿಲ್ಲ. ಅವ್ವನಿಗೆ ಗುಣವಾಗಲಿಲ್ಲ. ಸೊಂಟದ ನಾಲ್ಕನೆಯ ಮಣಿ ಐದನೆಯದರ ಮೇಲೆ ಮುಂದಕ್ಕೆ ಜಾರಿ, ಕಾಲಿಗೆ ಹೋಗುವ ನರವನ್ನು ಒತ್ತುತ್ತಿತ್ತು. ಸವೆದ ಗಾದಿಯನ್ನು ತೆಗೆದು, ಆ ಜಾಗದಲ್ಲಿ ಲೋಹದ ಒಂದು ಚಿಕ್ಕ ಪಂಜರವಿಟ್ಟು, ಎರಡು ಮಣಿಗಳನ್ನೂ ಒಂದಾಗಿ ಬೆಸೆಯಬೇಕು ಎಂದರು.

‘ಗಾದಿ’ ಎಂಬ ಮಾತು ನನ್ನದಲ್ಲ. ಮಣಿ ಮಣಿಗಳ ನಡುವಿನ ಮೆತ್ತೆಗೆ ಇಲ್ಲಿಯ ಮರಾಠಿ ಜನ ಹಾಗೆನ್ನುತ್ತಾರೆ. ನಮ್ಮ ಕಡೆಯೂ ಗಾದಿಯೆಂದರೆ ಹಾಸಿಗೆಯೇ ಆದ್ದರಿಂದ ಅವ್ವನಿಗೆ ಕೂಡಲೇ ತಿಳಿಯಿತು. ಆದರೆ ಪಂಜರದ ಮಾತು ಬಂದಾಗ ಆಕೆ ಕೇಳಿದ ಪ್ರಶ್ನೆ ನನ್ನನ್ನು ಇಷ್ಟು ದೂರ ಎಳೆದು ತಂದಿದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನಾದ ಕೇಳಿ ಕೊಳ್ಳುವವಳು ಆಕೆ. ‘ಏನಪಾ, ಇದನ್ನ ಯಾರರ ಮುರದು ನೋಡ್ಯಾರೇನು?’ ಎಂದಳು.

ಮೊದಲು ಹೋದ ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಅಲ್ಲಿ ನಮ್ಮೊಡನೆ ಮಾತಿಗೆ ಕುಳಿತವರು ವೈದ್ಯರಲ್ಲ, ಟೈ ಕಟ್ಟಿದ ಒಬ್ಬ ತರುಣ. ಹೊಳೆಯುವ ಪುಸ್ತಕವೊಂದನ್ನು ತೆರೆದು ತೋರಿಸಿದ. ಸಾದಾ ಪಂಜರಕ್ಕೆ ಇಷ್ಟು, ‘ತ್ರೀಡಿ ಪ್ರಿಂಟ್’ ಮಾಡಿದ್ದಕ್ಕೆ ಇಷ್ಟು ಎಂದ. ಅವ್ವನ ಪ್ರಶ್ನೆಯನ್ನು ನಾನು ಹಿಂದಿಯಲ್ಲಿ ಕೇಳಿದೆ. ಆತ ನಕ್ಕು, ‘ಇದು ಮುರಿಯುವುದೇ ಇಲ್ಲ ಸಾಹೇಬರೇ, ಹೊರದೇಶದ್ದು’ ಎಂದ. ಬ್ಯಾಂಕಿನವನಿಗೆ ಇಂಥ ಮಾತು ಹಿಡಿಸುವುದಿಲ್ಲ. ಎಂದಿಗೂ ಮುಳುಗುವುದಿಲ್ಲವೆಂದು ಹೇಳಿ ತೆಗೆದುಕೊಂಡ ಸಾಲಗಳ ಕಡತ ನಮ್ಮಲ್ಲಿ ಒಂದು ಕಪಾಟು ತುಂಬ ಇವೆ. ಊರಿನಲ್ಲಿರುವ ಅಣ್ಣನಿಗೆ ಫೋನು ಮಾಡಿದರೆ ಅವನು ಇನ್ನೊಂದು ತುದಿ: ‘ಮಶೀನದಾಗ ಮಾಡಿದ ಎಲುಬು ಬ್ಯಾಡ, ಅವ್ವನ್ನ ಊರಿಗೆ ಕಳಸು.’ ಒಪ್ಪಿಗೆಯ ಕಾಗದದ ಮೇಲೆ ಸಹಿ ಮಾಡಬೇಕಾದವನು ನಾನು. ಸಹಿ ಮಾಡುವ ಮುನ್ನ ವೋಚರನ್ನು ಓದಬೇಕೆಂಬುದು ನಾನು ಕಲಿತ ಒಂದೇ ವಿದ್ಯೆ. ಓದಲು ಕುಳಿತೆ.

ಮೊದಲು ಬೆನ್ನು ಹೊರುವ ಭಾರದ ಮಾತು. ಕುತ್ತಿಗೆಯಲ್ಲಿ ಏಳು, ಎದೆಯ ಹಿಂದೆ ಹನ್ನೆರಡು, ಸೊಂಟದಲ್ಲಿ ಐದು, ಹೀಗೆ ಅಲುಗಾಡುವ ಮಣಿಗಳು ಇಪ್ಪತ್ತನಾಲ್ಕು. ಅವುಗಳ ನಡುವಿನ ಗಾದಿಯೊಳಗೆ ಎಷ್ಟು ಒತ್ತಡವಿದೆಯೆಂದು ಬದುಕಿರುವ ಮನುಷ್ಯನಲ್ಲಿಯೇ ಅಳೆದು ನೋಡಿದವರಿದ್ದಾರೆ. ೧೯೬೦ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯರು ಗಾದಿಯೊಳಕ್ಕೆ ಸೂಜಿ ಇಳಿಸಿ ಅಳೆದರು. ಆಮೇಲೆ ಜರ್ಮನಿಯ ಉಲ್ಮ್ ನಗರದಲ್ಲಿ ವಿಲ್ಕೆ ಮತ್ತು ಸಂಗಡಿಗರು ಸ್ವಇಚ್ಛೆಯಿಂದ ಮುಂದೆ ಬಂದ ಒಬ್ಬನ ಸೊಂಟದ ಗಾದಿಯಲ್ಲಿ ಪುಟ್ಟ ಮಾಪಕವನ್ನಿಟ್ಟು, ಅವನನ್ನು ಮಲಗಿಸಿ, ಕೂರಿಸಿ, ನಡೆಸಿ, ಭಾರ ಎತ್ತಿಸಿ ೧೯೯೯ರಲ್ಲಿ ಲೆಕ್ಕ ಪ್ರಕಟಿಸಿದರು. ಮಲಗಿದಾಗ ೦.೧ ಮೆಗಾಪಾಸ್ಕಲ್, ಸುಮ್ಮನೆ ನಿಂತಾಗ ೦.೫, ಇಪ್ಪತ್ತು ಕಿಲೋ ಭಾರವನ್ನು ಮೊಣಕಾಲು ಮಡಿಸಿ ಎತ್ತಿದಾಗ ೧.೭, ಅದೇ ಭಾರವನ್ನು ಬೆನ್ನು ಬಗ್ಗಿಸಿ ಎತ್ತಿದಾಗ ೨.೩. ಮೋಟಾರು ಕಾರಿನ ಗಾಲಿಯಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡ ೦.೨ಕ್ಕೆ ತುಸು ಮೇಲೆ. ಅಂದರೆ ಸುಮ್ಮನೆ ನಿಂತಿರುವ ಮನುಷ್ಯನ ಗಾದಿಯಲ್ಲಿ ಕಾರಿನ ಗಾಲಿಯ ಎರಡರಷ್ಟು, ಬಗ್ಗಿ ಚೀಲ ಎತ್ತುವವನಲ್ಲಿ ಹತ್ತರಷ್ಟು ಒತ್ತಡ. ಅವ್ವ ಬಾವಿಕಟ್ಟೆಯಿಂದ ಕೊಡ ಎತ್ತುತ್ತಿದ್ದುದು ನೆನಪಾಗಿ ನಾನು ಆ ರಾತ್ರಿ ಪುಸ್ತಕ ಮುಚ್ಚಿಟ್ಟೆ.

ಇಷ್ಟು ಭಾರ ಹೊರುವ ಜಾಗದಲ್ಲಿ ಪಂಜರವಿಡುವ ಯೋಚನೆ ಮೊದಲು ಚೆನ್ನಾಗಿ ಫಲಿಸಿದ್ದು ಮನುಷ್ಯರಲ್ಲಲ್ಲ, ಕುದುರೆಗಳಲ್ಲಿ. ಕೆಲವು ಕುದುರೆಗಳಿಗೆ ಕುತ್ತಿಗೆಯ ಮಣಿಗಳು ಬೆನ್ನುಹುರಿಯನ್ನು ಒತ್ತಿ, ಕುಡಿದವನಂತೆ ತೂರಾಡುವ ರೋಗ ಬರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜಾರ್ಜ್ ಬ್ಯಾಗ್ಬಿ ಎಂಬ ಮೂಳೆವೈದ್ಯರು ೧೯೭೦ರ ದಶಕದಲ್ಲಿ ಅಲ್ಲಿಯ ಪಶುವೈದ್ಯರೊಡನೆ ಸೇರಿ ತೂತುತೂತಾದ ಉಕ್ಕಿನ ಕೊಳವೆಯೊಂದನ್ನು ಮಾಡಿ, ಕೊರೆದು ತೆಗೆದ ಮೂಳೆಯ ಪುಡಿಯನ್ನೇ ಅದರಲ್ಲಿ ತುಂಬಿ, ಎರಡು ಮಣಿಗಳ ನಡುವೆ ಇಟ್ಟರು. ತೂತುಗಳ ಮೂಲಕ ಮೂಳೆ ಬೆಳೆದು ಮಣಿಗಳು ಬೆಸೆದುಕೊಂಡವು. ಇದರಿಂದಲೇ ಹುಟ್ಟಿದ ಟೈಟೇನಿಯಂ ಪಂಜರಕ್ಕೆ ೧೯೯೬ರಲ್ಲಿ ಅಮೆರಿಕದ ಸರ್ಕಾರ ಮನುಷ್ಯರಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಮಹಾಲಕ್ಷ್ಮಿಯ ರೇಸಿಗೆ ಹೋಗುವ ಅಭ್ಯಾಸವುಳ್ಳವರು ಈ ಸಭೆಯಲ್ಲಿ ಯಾರೂ ಇರಲಾರರು. ಇದ್ದರೆ ‘ಸಿಯಾಟಲ್ ಸ್ಲೂ’ ಎಂಬ ಕುದುರೆಯ ಹೆಸರು ಕೇಳಿರಬೇಕು. ೧೯೭೭ರಲ್ಲಿ ಅಮೆರಿಕದ ಮೂರು ದೊಡ್ಡ ಪಂದ್ಯಗಳನ್ನೂ ಗೆದ್ದ ಆ ಕುದುರೆಗೂ ಮುಪ್ಪಿನಲ್ಲಿ, ೨೦೦೦ದಲ್ಲಿ, ಕುತ್ತಿಗೆಗೆ ಇದೇ ಬಗೆಯ ಚಿಕಿತ್ಸೆಯಾಯಿತು. ಈ ಸಂಗತಿಯನ್ನು ಅವ್ವನಿಗೆ ಹೇಳಿದಾಗ ಆಕೆಗೆ ಅರ್ಧ ಧೈರ್ಯ ಬಂತು. ‘ಕುದರಿ ತಡದದ ಅಂದ್ರ ನಾನೂ ತಡೀತೀನಿ’ ಎಂದಳು.

ಟೈಟೇನಿಯಮ್ಮೇ ಏಕೆ? ೧೯೫೦ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬುವರು ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟೇನಿಯಮ್ಮಿನ ಸಣ್ಣ ಉಪಕರಣವೊಂದನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಬರಲೊಲ್ಲದು. ಮೂಳೆ ಅದನ್ನು ತನ್ನದೆಂದು ಅಪ್ಪಿಕೊಂಡುಬಿಟ್ಟಿತ್ತು. ೧೯೬೫ರಲ್ಲಿ ಅವರು ಇದೇ ಗುಣವನ್ನು ನಂಬಿ ಮನುಷ್ಯನ ದವಡೆಯಲ್ಲಿ ಹಲ್ಲಿನ ಬೇರುಗಳನ್ನು ಕೂರಿಸಿದರು. ಈ ಲೋಹ ಮೈಯೊಳಗೆ ತುಕ್ಕು ಹಿಡಿಯುವುದಿಲ್ಲ.

ಆದರೆ ಅದರಲ್ಲೊಂದು ದೋಷವಿದೆ. ಅದು ಬಹಳ ಬಿಗಿ. ಎಂಜಿನಿಯರರು ಬಿಗಿತವನ್ನು ಗಿಗಾಪಾಸ್ಕಲ್ಲಿನಲ್ಲಿ ಅಳೆಯುತ್ತಾರೆ. ಮೂಳೆಯ ಗಟ್ಟಿ ಹೊರಪದರದ್ದು ಹದಿನೈದು ಇಪ್ಪತ್ತು. ಮಣಿಯ ಒಳಗಿನ ಜೇನುಗೂಡಿನಂಥ ಮೂಳೆಯದು ಒಂದಕ್ಕೂ ಕಡಿಮೆ. ಟೈಟೇನಿಯಂ ಮಿಶ್ರಲೋಹದ್ದು ನೂರಹತ್ತರ ಹತ್ತಿರ. ಮೂಳೆಯೆಂಬುದು ದುಡಿಸಿದರೆ ಬೆಳೆಯುವ, ಕೂರಿಸಿದರೆ ಕರಗುವ ವಸ್ತು. ಬರ್ಲಿನ್ನಿನ ಯೂಲಿಯಸ್ ವೂಲ್ಫ್ ೧೮೯೨ರಲ್ಲಿಯೇ ಇದನ್ನು ಗ್ರಂಥ ಬರೆದು ಸಾರಿದರು. ಬಿಗಿಯಾದ ಲೋಹ ಭಾರವನ್ನೆಲ್ಲ ತಾನೇ ಹೊತ್ತರೆ ನೆರೆಯ ಮೂಳೆ ಕೆಲಸವಿಲ್ಲದೆ ಸೊರಗುತ್ತದೆ. ಹೊರಲಾರದೆ ಹೋದ ಮೃದು ಮೂಳೆಯೊಳಕ್ಕೆ ಪಂಜರ ಹೂತುಹೋಗುವುದೂ ಉಂಟು. ಇದಕ್ಕೆ ಪರಿಹಾರವಾಗಿ ‘ಪೀಕ್’ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕಿನ ಪಂಜರ ಬಂತು. ಅದರ ಬಿಗಿತ ನಾಲ್ಕರ ಸುಮಾರು. ಎಕ್ಸ್-ರೇಯಲ್ಲಿ ಅಡ್ಡ ಬರುವುದಿಲ್ಲ, ಒಳಗೆ ಮೂಳೆ ಬೆಳೆದಿದೆಯೋ ಇಲ್ಲವೋ ಕಾಣುತ್ತದೆ. ಆದರೆ ನುಣುಪಾದ ಪೀಕನ್ನು ಮೂಳೆ ಅಪ್ಪಿಕೊಳ್ಳುವುದಿಲ್ಲ. ಒಂದಕ್ಕೆ ಮೈತ್ರಿಯಿದೆ, ಮೃದುತ್ವವಿಲ್ಲ. ಇನ್ನೊಂದಕ್ಕೆ ಮೃದುತ್ವವಿದೆ, ಮೈತ್ರಿಯಿಲ್ಲ.

ಇಲ್ಲಿಯೇ ಪದರದ ಮೇಲೆ ಪದರ ಕಟ್ಟುವ ಹೊಸ ವಿದ್ಯೆಯ ಪ್ರವೇಶ. ನಾವು ಲೆಕ್ಕದವರು ಹೇಳುವಂತೆ ಹೇಳಬೇಕಾದರೆ, ಹಳೆಯ ಲೋಹಗೆಲಸವೆಲ್ಲ ಕಳೆಯುವ ಕೆಲಸ: ಗಟ್ಟಿಯಿಂದ ಬೇಡವಾದದ್ದನ್ನು ಕೊರೆದು, ಹೆರೆದು ತೆಗೆಯುವುದು. ಇದು ಕೂಡುವ ಕೆಲಸ. ಮೈದಾಹಿಟ್ಟಿಗಿಂತ ನಯವಾದ ಟೈಟೇನಿಯಂ ಪುಡಿಯನ್ನು ಒಂದು ತಟ್ಟೆಯ ಮೇಲೆ ತೆಳ್ಳಗೆ ಹರಡುತ್ತಾರೆ. ರಂಗೋಲಿ ಹಾಕುವವಳ ಬೆರಳಿನಂತೆ ಲೇಸರ್ ಕಿರಣ ಅದರ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ಗೆರೆ ಬಿದ್ದಲ್ಲಿ ಪುಡಿ ಕರಗಿ ಲೋಹವಾಗುತ್ತದೆ. ತಟ್ಟೆ ಒಂದು ಕೂದಲೆಳೆಗಿಂತ ಕಡಿಮೆ ಇಳಿಯುತ್ತದೆ, ಮತ್ತೆ ಪುಡಿ, ಮತ್ತೆ ಗೆರೆ. ಪದರವೊಂದು ಮೂವತ್ತು ಮೈಕ್ರಾನ್ ಎನ್ನಿ. ನಮ್ಮ ಲೆಡ್ಜರಿನ ಒಂದು ಹಾಳೆಯ ದಪ್ಪದಲ್ಲಿ ಇಂಥವು ಮೂರು ಹಿಡಿಯುತ್ತವೆ. ಹತ್ತು ಮಿಲಿಮೀಟರ್ ಎತ್ತರದ ಪಂಜರಕ್ಕೆ ಮುನ್ನೂರಕ್ಕೂ ಹೆಚ್ಚು ಪದರ. ಕಾದ ಟೈಟೇನಿಯಂ ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುವುದರಿಂದ ಇದೆಲ್ಲ ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯೊಳಗೇ ನಡೆಯಬೇಕು. ಲೇಸರಿನ ಬದಲು ಎಲೆಕ್ಟ್ರಾನ್ ಕಿರಣ ಬಳಸುವ ಯಂತ್ರವೂ ಇದೆ. ಅದಕ್ಕೆ ನಿರ್ವಾತ ಬೇಕು.

ಕೂಡುವ ಕೆಲಸದ ಲಾಭವೇನೆಂದರೆ, ಯಾವ ಉಳಿಯೂ ಒಳಹೊಕ್ಕು ಕೊರೆಯಲಾರದ ಜಾಳಿಗೆಯನ್ನು ಕಟ್ಟಬಹುದು. ಅರ್ಧ ಮಿಲಿಮೀಟರಿನ ಸುಮಾರಿನ ಸಾವಿರಾರು ಕಂಡಿಗಳು, ಒಂದರಿಂದೊಂದಕ್ಕೆ ದಾರಿ. ಮೂಳೆಗೆ ಅದರೊಳಗೆ ಬೇರುಬಿಡಲು ಸಲೀಸು. ಜಾಳಿಗೆಯ ಬಿಗಿತವೂ ಕಡಿಮೆ. ಸ್ಥೂಲವಾದ ಒಂದು ಸೂತ್ರವಿದೆ: ನೂರು ಪಾಲಿನಲ್ಲಿ ಲೋಹ ಎಷ್ಟು ಪಾಲೋ ಅದರ ವರ್ಗಕ್ಕೆ ತಕ್ಕಂತೆ ಬಿಗಿತ ಇಳಿಯುತ್ತದೆ. ಮೂವತ್ತು ಪಾಲು ಲೋಹ, ಎಪ್ಪತ್ತು ಪಾಲು ಬಯಲು ಎಂದರೆ, ೦.೩ರ ವರ್ಗ ೦.೦೯, ನೂರಹತ್ತನ್ನು ಅದರಿಂದ ಗುಣಿಸಿದರೆ ಸುಮಾರು ಹತ್ತು. ಒಳ್ಳೆಯ ಮೂಳೆಯ ನೆರೆಹೊರೆಗೆ ಬಂದೆವು! ಲೋಹವೂ ಟೈಟೇನಿಯಮ್ಮೇ, ಬಿಗಿತವೂ ಮೂಳೆಯ ಹತ್ತಿರ. ಈ ಲೆಕ್ಕವನ್ನು ಬ್ಯಾಂಕಿನ ಚೀಟಿಯ ಹಿಂಬದಿಯಲ್ಲಿ ಮಾಡಿದಾಗ ನನಗಾದ ಸಂತೋಷ, ಆರು ತಿಂಗಳಿನಿಂದ ಸಿಗದ ವ್ಯತ್ಯಾಸ ಸಿಕ್ಕಾಗಿನದಕ್ಕೆ ಸಮಾನ.

ಇನ್ನೊಂದು ಲಾಭ, ಒಬ್ಬ ರೋಗಿಗೆಂದೇ ಅಳತೆ ತೆಗೆದು ಮಾಡುವುದು. ೨೦೧೪ರಲ್ಲಿ ಬೀಜಿಂಗಿನ ಆಸ್ಪತ್ರೆಯೊಂದರಲ್ಲಿ, ಕುತ್ತಿಗೆಯ ಎರಡನೆಯ ಮಣಿಗೆ ಕ್ಯಾನ್ಸರ್ ತಗುಲಿದ್ದ ಹನ್ನೆರಡು ವರ್ಷದ ಹುಡುಗನಿಗೆ ಆ ಮಣಿಯನ್ನೇ ತೆಗೆದು, ಹೀಗೆ ಕಟ್ಟಿದ ಟೈಟೇನಿಯಂ ಮಣಿಯನ್ನು ಕೂರಿಸಿದರು. ನಮ್ಮ ದೇಶದಲ್ಲಿಯೂ ೨೦೧೭ರಲ್ಲಿ ದೆಹಲಿಯ ನೆರೆಯ ಗುರುಗ್ರಾಮದಲ್ಲಿ, ಕ್ಷಯದಿಂದ ಕುತ್ತಿಗೆಯ ಮಣಿಗಳು ನಾಶವಾಗಿದ್ದ ಉಪಾಧ್ಯಾಯಿನಿಯೊಬ್ಬರಿಗೆ ಇಂಥ ಮಣಿಯಿಂದ ಆಸರೆ ಕಟ್ಟಿದ ವರದಿ ಬಂತು. ಅವ್ವನದು ಅಷ್ಟು ವಿಶೇಷದ ಸಂಗತಿಯಲ್ಲ. ಆಕೆಯ ಪಂಜರ ಚಪ್ಪಲಿಯಂತೆ ನಂಬರಿನ ಪ್ರಕಾರ ಸಿಗುವಂಥದು. ಎಂಟು, ಒಂಬತ್ತು, ಹತ್ತು ಮಿಲಿಮೀಟರ್ ಎಂದು.

ಇಲ್ಲಿಯವರೆಗೆ ಟೈ ಕಟ್ಟಿದ ತರುಣನೂ ಹೇಳುತ್ತಿದ್ದ. ಮುಂದಿನದನ್ನು ಅವನು ಹೇಳಲಿಲ್ಲ.

ಕರಗಿದ ಲೋಹ ತಣಿಯುವಾಗ ಸಂಕೋಚಗೊಂಡು ಒಳಗೆ ಎಳೆತ ಉಳಿಯುತ್ತದೆ. ತಟ್ಟೆಯಿಂದ ಬಿಡಿಸುವ ಮುನ್ನ ಕಾಯಿಸಿ ಅದನ್ನು ಸಡಿಲಿಸದಿದ್ದರೆ ತುಂಡು ಸೊಟ್ಟಗಾದೀತು. ಗೆರೆಗಳ ನಡುವೆ ಸಣ್ಣ ಟೊಳ್ಳುಗಳು ಉಳಿದಾವು. ಬಿಸಿಯಲ್ಲಿ ಅಧಿಕ ಒತ್ತಡದ ಅನಿಲದಿಂದ ಎಲ್ಲ ಕಡೆಯಿಂದಲೂ ಹಿಸುಕಿ ಅವನ್ನು ಮುಚ್ಚುವ ಉಪಾಯವುಂಟು. ಆದರೆ ಹೊರಮೈಗೆ ಬಾಯಿ ತೆರೆದಿರುವ ಟೊಳ್ಳು ಅದಕ್ಕೂ ಮುಚ್ಚುವುದಿಲ್ಲ. ಜಾಳಿಗೆಯ ಮೂಲೆಯಲ್ಲಿ ಸಿಕ್ಕಿಕೊಂಡ ಪುಡಿಯನ್ನು ಪೂರ್ತಿ ತೊಳೆದು ತೆಗೆಯಬೇಕು. ಉಳಿದ ಪುಡಿಯನ್ನು ಮತ್ತೆ ಬಳಸುತ್ತಾರೆ. ಬಳಸಿದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚುವುದರಿಂದ ಯಾವ ಪುಡಿ ಎಷ್ಟನೆಯ ಬಾರಿ ಎಂಬ ಲೆಕ್ಕ ಇಡಬೇಕು. ತುಂಡನ್ನು ನಿಲ್ಲಿಸಿ ಕಟ್ಟಿದರೆ ಒಂದು ಬಲ, ಮಲಗಿಸಿ ಕಟ್ಟಿದರೆ ಇನ್ನೊಂದು. ಎಲ್ಲಕ್ಕಿಂತ ನನಗೆ ವಿಚಿತ್ರವಾಗಿ ಕಂಡದ್ದು ಹೊರಮೈಯ ಒರಟು. ಅರೆಕರಗಿದ ಪುಡಿಕಾಳುಗಳು ಅಂಟಿಕೊಂಡ ಒರಟು ಮೈಯನ್ನೇ ಮೂಳೆಯ ಕಣಗಳು ಮೆಚ್ಚುತ್ತವೆ. ಆದರೆ ಬಿರುಕು ಹುಟ್ಟುವುದೂ ಅದೇ ಒರಟಿನ ಸಂದಿನಲ್ಲಿ.

ಬಿರುಕಿನ ಮಾತು ಲೋಕಲ್ ಗಾಡಿಯಲ್ಲಿ ಓಡಾಡುವ ನಮಗೆಲ್ಲ ಸಂಬಂಧಪಟ್ಟದ್ದು. ೧೮೪೨ರಲ್ಲಿ ಫ್ರಾನ್ಸಿನ ವರ್ಸೇ ನಗರದಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿ ಹೊತ್ತಿ ಉರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಚ್ಚಿನ ಮೇಲೆ ಅಂದು ವಿಶೇಷ ಭಾರವೇನೂ ಬಿದ್ದಿರಲಿಲ್ಲ. ದಿನವೂ ಹೊತ್ತ ಭಾರವೇ. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಔಗುಸ್ಟ್ ವೋಲರ್ ಅಚ್ಚುಗಳನ್ನು ಯಂತ್ರಕ್ಕೆ ಕಟ್ಟಿ ಲಕ್ಷಗಟ್ಟಲೆ ಸುತ್ತು ತಿರುಗಿಸಿ ವರ್ಷಗಟ್ಟಲೆ ನೋಡಿದರು. ಒಂದೇ ಬಾರಿಗೆ ಮುರಿಯದ ಭಾರಕ್ಕೂ, ಸಾವಿರ ಸಲ ಹೊತ್ತಮೇಲೆ ಲೋಹ ಮುರಿಯುತ್ತದೆ, ಲೋಹಕ್ಕೂ ದಣಿವುಂಟು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ತುಂಡರಿಸುವ ಹುಡುಗರಿಗೆ ಇದು ವೋಲರ್‌ಗಿಂತ ಮೊದಲೇ ತಿಳಿದಿತ್ತು, ಬರೆದಿಡಲಿಲ್ಲ, ಅಷ್ಟೇ.

ಹಾಗಾದರೆ ಅವ್ವನ ಪ್ರಶ್ನೆಗೆ ಉತ್ತರ? ಎರಡನೆಯ ಆಸ್ಪತ್ರೆಯಲ್ಲಿ ಸಿಕ್ಕಿತು. ಅಲ್ಲಿಯ ಶಸ್ತ್ರವೈದ್ಯರು ವಯಸ್ಸಾದವರು, ಮಿತಭಾಷಿ. ಪ್ರಶ್ನೆಯನ್ನು ಕೇಳಿ ನಗಲಿಲ್ಲ. ‘ಮುರಿದಿದ್ದಾರೆ ತಾಯಿ, ಮುರಿಯದೆ ಇದನ್ನು ಮಾರಲು ಬಿಡುವುದಿಲ್ಲ’ ಎಂದು ಮರಾಠಿಯಲ್ಲಿ ಹೇಳಿ, ತಯಾರಕರು ಕೊಟ್ಟ ಪರೀಕ್ಷೆಯ ಸಾರಾಂಶವನ್ನು ನನ್ನ ಕೈಗಿತ್ತರು.

ಕಾಗದದ ಮೇಲೆ ಮೊದಲು ಬರುವುದು ಕಂಪ್ಯೂಟರಿನ ಲೆಕ್ಕ. ಪಂಜರವನ್ನು ಲಕ್ಷಾಂತರ ಪುಟ್ಟ ತುಂಡುಗಳೆಂದು ಭಾವಿಸಿ, ಪ್ರತಿಯೊಂದರ ಮೇಲೆ ಬೀಳುವ ಒತ್ತಡವನ್ನು ಗುಣಿಸಿ, ಯಾವ ಮೂಲೆ ಮೊದಲು ಸೋಲುತ್ತದೆಂದು ಕಾಣುತ್ತಾರೆ. ಒಳ್ಳೆಯದೇ. ಆದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ, ಒಬ್ಬನ ಖಾತೆಗೆ ಬರೆಯಬೇಕಾದದ್ದನ್ನು ಇನ್ನೊಬ್ಬನ ಖಾತೆಗೆ ಬರೆದರೂ ಅದು ತಾಳೆಯಾಗುತ್ತದೆ ಎಂಬುದನ್ನು ಬಿ.ಕಾಂ. ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಭಾವಿಸಿದ ಭಾರವೇ ತಪ್ಪಾಗಿದ್ದರೆ, ಭಾವಿಸಿದ ಲೋಹದಲ್ಲಿ ಟೊಳ್ಳೇ ಇಲ್ಲವೆಂದುಕೊಂಡಿದ್ದರೆ, ಉತ್ತರ ಚೆಂದವಾಗಿ ತಾಳೆಯಾಗಿ ತಪ್ಪಾಗಿರುತ್ತದೆ. ಆದ್ದರಿಂದ ನಿಜವಾದ ತುಂಡುಗಳನ್ನು ಯಂತ್ರಕ್ಕೆ ಕೊಡುತ್ತಾರೆ.

ಮೊದಲು ಒಂದೇ ಸಮನೆ ಒತ್ತಿ, ಓರೆಯಾಗಿ ಒತ್ತಿ, ತಿರುಚಿ, ಎಷ್ಟಕ್ಕೆ ಸೋಲುತ್ತದೆಂದು ನೋಡುತ್ತಾರೆ. ಆಮೇಲೆ ದಣಿವಿನ ಪರೀಕ್ಷೆ. ಹೆಚ್ಚು ಭಾರದಿಂದ ಆರಂಭಿಸಿ, ತುಂಡು ಮುರಿದರೆ ಭಾರವನ್ನು ತಗ್ಗಿಸಿ ಹೊಸ ತುಂಡು ಕೊಟ್ಟು, ಕೊನೆಗೆ ಐವತ್ತು ಲಕ್ಷ ಸಲ ಒತ್ತಿದರೂ ಮುರಿಯದ ಭಾರ ಎಷ್ಟೆಂದು ಕಂಡುಹಿಡಿಯುವುದು. ಸೆಕೆಂಡಿಗೆ ಐದು ಸಲ ಒತ್ತಿದರೆ ಐವತ್ತು ಲಕ್ಷಕ್ಕೆ ಹತ್ತು ಲಕ್ಷ ಸೆಕೆಂಡು; ಅಂದರೆ ಹನ್ನೊಂದು ದಿನ, ಹದಿಮೂರು ಗಂಟೆ, ನಲವತ್ತಾರು ನಿಮಿಷ. ಹಗಲಿರುಳು, ಭಾನುವಾರದ ರಜೆಯೂ ಇಲ್ಲದೆ. ಐವತ್ತು ಲಕ್ಷವೇ ಏಕೆಂದು ನಾನು ಲೆಕ್ಕ ಹಾಕಿದೆ. ದಿನಕ್ಕೆ ಏಳು ಸಾವಿರ ಹೆಜ್ಜೆಯಂತೆ ನಡೆದರೆ ಎರಡು ವರ್ಷಕ್ಕೆ ಐವತ್ತೊಂದು ಲಕ್ಷ. ಅಷ್ಟರಲ್ಲಿ ಮೂಳೆ ಬೆಳೆದು ಭಾರವನ್ನು ತನ್ನ ಮೇಲೆ ತೆಗೆದುಕೊಂಡಿರಬೇಕು. ಪಂಜರ ಖಾಯಂ ನೌಕರನಲ್ಲ, ಬದಲಿಯವನು. ಮೂಳೆ ಬೆಳೆಯದಿದ್ದರೆ ಯಾವ ಲೋಹವೂ ಒಂದು ದಿನ ದಣಿಯುತ್ತದೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು.

ಪಂಜರ ಹೂತುಹೋಗುವುದೇ ಎಂದು ನೋಡಲು ಅದನ್ನು ಪ್ಲಾಸ್ಟಿಕ್ ನೊರೆಯ ಇಟ್ಟಿಗೆಗಳ ನಡುವೆ ಒತ್ತುತ್ತಾರೆ. ಆ ನೊರೆಯ ಸಾಂದ್ರತೆಯನ್ನು ಸವೆದ ಮೂಳೆಯ ಹದಕ್ಕೆ ಗೊತ್ತುಮಾಡಿದೆ. ಪಂಜರದೊಡನೆ ಹಾಕುವ ತಿರುಪು ಮೊಳೆ, ಸಲಾಕಿಗಳಿಗೆ ಬೇರೆ ಪರೀಕ್ಷೆಯಿದೆ. ಎರಡು ಪ್ಲಾಸ್ಟಿಕ್ ದಿಮ್ಮಿಗಳನ್ನು ನಡುವೆ ಬಯಲು ಬಿಟ್ಟು ಜೋಡಿಸುತ್ತಾರೆ, ನಡುವಿನ ಒಂದು ಮಣಿಯೇ ಇಲ್ಲವೆಂಬಂತೆ; ಇಡೀ ಭಾರವನ್ನು ಸಲಾಕಿಗಳೇ ಹೊರಬೇಕು. ಮನುಷ್ಯನಿಗೆ ಎಂದೂ ಬರಬಾರದ ಸ್ಥಿತಿಯನ್ನು ದಿಮ್ಮಿಗೆ ತಂದು ನೋಡುವುದು. ಎಲ್ಲ ನಂಬರಿನ ಪಂಜರಗಳನ್ನೂ ಪರೀಕ್ಷಿಸುವುದಿಲ್ಲ. ಅವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಯಾವುದೆಂದು ಕಾರಣಸಹಿತ ಆರಿಸಿ ಅದನ್ನು ಪರೀಕ್ಷಿಸುತ್ತಾರೆ. ಈ ಆಯ್ಕೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ನನ್ನ ಮಟ್ಟಿಗೆ ಇಡೀ ವಿದ್ಯೆಯ ಪ್ರಾಮಾಣಿಕತೆ ನಿಂತಿರುವುದು ಈ ಒಂದು ಆಯ್ಕೆಯ ಮೇಲೆ.

ಇನ್ನು ಒಬ್ಬನಿಗೆಂದೇ ಕಟ್ಟಿದ ಒಂಟಿ ಮಣಿಯನ್ನು ಮುರಿದು ನೋಡುವುದೆಂತು? ಮುರಿದರೆ ಕೂರಿಸುವುದೇನನ್ನು? ಅದೇ ತಟ್ಟೆಯ ಮೇಲೆ, ಅದೇ ಪುಡಿಯಿಂದ, ಅದೇ ಹೊತ್ತಿಗೆ ಪಕ್ಕದಲ್ಲಿ ಕೆಲವು ಕಡ್ಡಿಗಳನ್ನು ಕಟ್ಟಿ, ಅವನ್ನು ಎಳೆದು ಮುರಿಯುತ್ತಾರೆ. ಅವು ಸಾಕ್ಷಿಗಳು. ಈ ಸಂಗತಿಯನ್ನು ಅವ್ವನಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದಗುಳ ಹಿಚುಕಿ ನೋಡಿದಂಗ’ ಎಂದಳು. ಹೌದು ಎಂದೆ. ಆಮೇಲೆ ವೈದ್ಯರಿಗೆ ಆ ಮಾತನ್ನು ಮರಾಠಿಗೆ ತಿರುಗಿಸಿ ಹೇಳಿದಾಗ ಅವರು ಮೊದಲ ಸಲ ನಕ್ಕರು.

ಪರೀಕ್ಷೆಗೆ ಮಿತಿಯುಂಟು ಎಂಬುದನ್ನೂ ಅವರೇ ಹೇಳಿದರು. ಯಂತ್ರಕ್ಕೆ ಮಧುಮೇಹವಿಲ್ಲ. ಯಂತ್ರ ಬೀಡಿ ಸೇದುವುದಿಲ್ಲ; ಹೊಗೆಸೊಪ್ಪು ಮೂಳೆ ಬೆಸೆಯುವುದನ್ನು ತಡೆಯುತ್ತದೆ. ಯಂತ್ರ ಮಾತು ಮೀರಿ ಕೊಡ ಎತ್ತುವುದಿಲ್ಲ. ‘ಮುದ್ರಿಸಿದ ಪಂಜರವೆಂದ ಮಾತ್ರಕ್ಕೆ ಮಾಯೆಯಲ್ಲ, ಒಳ್ಳೆಯ ಪೀಕ್ ಪಂಜರದಿಂದಲೂ ಸಾವಿರಾರು ಜನ ನಡೆದಾಡುತ್ತಿದ್ದಾರೆ. ನಿಮ್ಮ ತಾಯಿಯ ಮೂಳೆ ಮೃದು, ಅದಕ್ಕಾಗಿ ಇದನ್ನು ಹೇಳುತ್ತಿದ್ದೇನೆ’ ಎಂದರು. ನನಗೆ ಧೈರ್ಯ ಕೊಟ್ಟದ್ದು ಈ ಮಾತು. ಅಣ್ಣನನ್ನು ಫೋನಿನಲ್ಲಿ ಕರೆದು ಎಲ್ಲವನ್ನೂ ಹೇಳಿದೆ. ಅವನು ಎಲ್ಲ ಕೇಳಿ, ‘ಐವತ್ತ ಲಕ್ಷ ಸರ್ತಿ?’ ಎಂದು ಕೇಳಿ, ಮಾರನೆಯ ರಾತ್ರಿಯ ಗಾಡಿಗೆ ಹೊರಟು ಬಂದ. ಸಹಿ ಮಾಡಿದೆ.

ಶಸ್ತ್ರಚಿಕಿತ್ಸೆಯ ನಾಲ್ಕು ಗಂಟೆಯ ವಿಷಯ ಹೇಳಲು ನನ್ನಲ್ಲಿ ಏನೂ ಇಲ್ಲ. ಹೊರಗಿನ ಬೆಂಚಿನ ಮೇಲೆ ಅಣ್ಣನೂ ನಾನೂ ಚಹಾ ಕುಡಿದೆವು, ಅಷ್ಟೇ. ಮೂರನೆಯ ದಿನ ಅವ್ವ ಗೋಡೆ ಹಿಡಿದು ನಿಂತಳು. ಕಾಲಿನ ಜೋಮು ಆಗಲೇ ಅರ್ಧ ಇಳಿದಿತ್ತು.

ಮನೆಗೆ ಬರುವ ದಿನ ನಾನು ಒಂದು ಕೆಲಸ ಮಾಡಿದೆ. ತಾವೂ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ. ಪಂಜರದ ಪೊಟ್ಟಣದೊಡನೆ ಅಂಟುಚೀಟಿಗಳು ಬರುತ್ತವೆ. ತಯಾರಕರ ಹೆಸರು, ಅಳತೆ, ಯಾವ ತಂಡದಲ್ಲಿ ತಯಾರಾಯಿತೆಂಬ ಸಂಖ್ಯೆ ಅದರ ಮೇಲಿರುತ್ತದೆ. ಒಂದನ್ನು ಆಸ್ಪತ್ರೆಯವರು ಕಡತಕ್ಕೆ ಅಂಟಿಸುತ್ತಾರೆ. ಇನ್ನೊಂದನ್ನು ಕೇಳಿ ತೆಗೆದುಕೊಂಡೆ. ದಾದಿಗೆ ಆಶ್ಚರ್ಯವಾಯಿತು, ಯಾರೂ ಕೇಳುವುದಿಲ್ಲವಂತೆ. ಆ ಸಂಖ್ಯೆ ಹಿಡಿದು ಹೋದರೆ ಯಾವ ಪುಡಿ, ಯಾವ ತಟ್ಟೆ, ಯಾವ ಕಡ್ಡಿ ಎಷ್ಟು ಭಾರಕ್ಕೆ ಮುರಿಯಿತು ಎಂಬಲ್ಲಿಗೆ ತಲಪಬಹುದು. ನಾಳೆ ಆ ತಂಡದಲ್ಲಿ ದೋಷ ಕಂಡರೆ ನಮ್ಮನ್ನು ಹುಡುಕಲೂ ಬಹುದು. ನಮ್ಮ ದೇಶದಲ್ಲಿ ೨೦೧೮ರ ಜನವರಿಯಿಂದ ವೈದ್ಯಕೀಯ ಸಾಧನಗಳಿಗೆ ಪ್ರತ್ಯೇಕ ನಿಯಮಗಳು ಜಾರಿಯಲ್ಲಿವೆ. ಆದರೂ ನಮ್ಮ ಕೈಯಲ್ಲಿ ಒಂದು ಪ್ರತಿ ಇರುವುದು ಲೇಸು. ಚೀಟಿಯನ್ನು ಅವ್ವನ ಪಾಸ್‌ಬುಕ್ಕಿನ ಒಳಹೊದಿಕೆಗೆ ಅಂಟಿಸಿದ್ದೇ. ಆಕೆ ಎಲ್ಲಿ ಹೋದರೂ ಅದನ್ನಂತೂ ಬಿಟ್ಟು ಹೋಗುವುದಿಲ್ಲ.

ವರ್ಷ ತುಂಬಿದ ಮೇಲೆ ತೆಗೆದ ಚಿತ್ರದಲ್ಲಿ ಮೂಳೆ ಪಂಜರವನ್ನು ದಾಟಿ ಸೇತುವೆ ಕಟ್ಟತೊಡಗಿರುವುದು ಕಂಡಿತು. ಎರಡನೆಯ ವರ್ಷದ ಪರೀಕ್ಷೆ ಇನ್ನೂ ಇದೆ. ಅವ್ವ ಈಗ ಗಣಪತಿ ಗುಡಿಯವರೆಗೆ ಒಂದೇ ಉಸಿರಿಗೆ ಹೋಗಿ ಬರುತ್ತಾಳೆ. ಜಾತ್ರೆಗೆ ಊರಿಗೆ ಹೋಗಬೇಕೆಂದು ಹಟ ಹಿಡಿದಾಗ ವೈದ್ಯರು ಒಪ್ಪಿದರು, ಕೊಡ ಮುಟ್ಟಬಾರದೆಂಬ ಕಟ್ಟಪ್ಪಣೆಯೊಡನೆ. ಅಣ್ಣ ಅಡಿಗೆಮನೆಯೊಳಕ್ಕೇ ನಳ ಹಾಕಿಸಿದ್ದಾನೆ.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಮುಂದಿನ ಭಾನುವಾರದಿಂದ ತಾಲೀಮಿಗೆ ತಪ್ಪದೆ ಬರುತ್ತೇನೆ.